ವಿಪಿಎನ್ ಮತ್ತು ಎಚ್‌ಟಿಟಿಪಿಎಸ್

ವಿಪಿಎನ್ ಮತ್ತು ಎಚ್‌ಟಿಟಿಪಿಎಸ್ ಅಂತರಜಾಲ ಬಳಕೆದಾರರ ಖಾಸಗಿತನವನ್ನು ಕಾಪಾಡಲು ವ್ಯಾಪಕವಾಗಿ ಬಳಕೆಯಲ್ಲಿರುವ ಎರಡು ತಂತ್ರಗಳು. ಸರಿಯಾದ ಕೀಲಿ ಇಲ್ಲದವರು ಓದಲಾಗದಂತೆ ಮಾಹಿತಿಯನ್ನು ಮಾರ್ಪಡಿಸುವ ಗೂಢಲಿಪೀಕರಣ ಅಥವಾ ಎನ್‌ಕ್ರಿಪ್ಷನ್ ಎಂಬ ವಿಧಾನವೇ ಎರಡಕ್ಕೂ ಆಧಾರ. ಎಚ್‌ಟಿಟಿಪಿಎಸ್ ಬ್ರೌಸರ್ ಮತ್ತು ಜಾಲತಾಣದ ನಡುವಿನ ಸಂವಾದವನ್ನು ಮರೆಮಾಡುತ್ತದೆ. ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್ ಎಂಬುದರ ಸಂಕ್ಷಿಪ್ತ ರೂಪವಾದ ವಿಪಿಎನ್, ಬಳಕೆದಾರರ ಸಾಧನದಿಂದ ವಿಪಿಎನ್ ಸರ್ವರ್‌ವರೆಗಿನ ಸಂಚಾರವನ್ನು ಒಂದೇ ಸುರಂಗದಲ್ಲಿ ಸಾಗಿಸಿ, ಬಳಕೆದಾರರ ಐಪಿ ವಿಳಾಸವನ್ನು ಜಾಲತಾಣಕ್ಕೆ ತಿಳಿಯದಂತೆ ಮಾಡುತ್ತದೆ. ಇವು ಒಂದಕ್ಕೊಂದು ಪರ್ಯಾಯವಲ್ಲ. ಒಂದೊಂದೂ ಬೇರೆ ಬೇರೆ ವೀಕ್ಷಕರಿಂದ ಬೇರೆ ಬೇರೆ ಮಾಹಿತಿಯನ್ನು ಮುಚ್ಚಿಡುತ್ತದೆ. ಎರಡನ್ನು ಒಟ್ಟಿಗೆ ಬಳಸಿದರೂ ಸಂಪೂರ್ಣ ಅನಾಮಧೇಯತೆ ದೊರೆಯುವುದಿಲ್ಲ.

ಹಿನ್ನೆಲೆ

ಬಳಕೆದಾರರು ಒಂದು ಜಾಲಪುಟವನ್ನು ತೆರೆದಾಗ ಅವರ ಬೇಡಿಕೆ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹಲವು ಹಂತಗಳನ್ನು ದಾಟಿ ಸಾಗುತ್ತದೆ. ಮೊದಲು ಮನೆ, ಕಾಲೇಜು ಅಥವಾ ಕಚೇರಿಯ ವೈ-ಫೈ ರೂಟರ್, ಅನಂತರ ಅಂತರಜಾಲ ಸೇವೆ ಒದಗಿಸುವ ದೂರಸಂಪರ್ಕ ಸಂಸ್ಥೆಯ ಜಾಲ, ಅಲ್ಲಿಂದ ಮುಂದೆ ಮಧ್ಯವರ್ತಿ ಜಾಲಗಳು, ಕೊನೆಗೆ ಜಾಲತಾಣದ ಸರ್ವರ್. ಪ್ರತಿಯೊಂದು ಪ್ಯಾಕೆಟ್‌ನ ಮೇಲೂ ಕಳುಹಿಸುವವರ ಮತ್ತು ಪಡೆಯುವವರ ಐಪಿ ವಿಳಾಸಗಳು ಇರುತ್ತವೆ. ಜಾಲಪುಟಗಳನ್ನು ರವಾನಿಸಲು ಮೊದಲಿಗೆ ರೂಪಿಸಲಾದ ಎಚ್‌ಟಿಟಿಪಿ ನಿಯಮಾವಳಿಯಲ್ಲಿ ವಿಳಾಸದ ಜೊತೆಗೆ ಒಳಗಿನ ವಿಷಯವೂ ಬಯಲಾಗಿಯೇ ಸಾಗುತ್ತಿತ್ತು. ದಾರಿಯಲ್ಲಿರುವ ಯಾರೇ ಆದರೂ ಗುಪ್ತಪದ, ಪತ್ರ ಅಥವಾ ಹುಡುಕಿದ ಪದಗಳನ್ನು ಓದಬಹುದಿತ್ತು, ಬದಲಾಯಿಸಲೂಬಹುದಿತ್ತು.

ಈ ವ್ಯತ್ಯಾಸವನ್ನು ಅಂಚೆಯ ಹೋಲಿಕೆಯಿಂದ ವಿವರಿಸುವುದುಂಟು. ಎಚ್‌ಟಿಟಿಪಿ ಅಂಚೆ ಕಾರ್ಡಿನಂತೆ. ಕೈಗೆ ಸಿಕ್ಕ ಎಲ್ಲರೂ ಅದನ್ನು ಓದಬಹುದು. ಎಚ್‌ಟಿಟಿಪಿಎಸ್ ಅಂಟಿಸಿದ ಲಕೋಟೆಯಂತೆ. ಒಳಗಿನ ಒಕ್ಕಣೆ ಕಾಣದಿದ್ದರೂ ಮೇಲಿನ ವಿಳಾಸ ಕಾಣುತ್ತದೆ. ವಿಪಿಎನ್‌ನಲ್ಲಿ ಆ ಲಕೋಟೆಯನ್ನು ಇನ್ನೊಂದು ಲಕೋಟೆಯೊಳಗೆ ಇಟ್ಟು ಮಧ್ಯಸ್ಥರೊಬ್ಬರಿಗೆ ಕಳುಹಿಸಲಾಗುತ್ತದೆ. ಅವರು ಹೊರಲಕೋಟೆಯನ್ನು ತೆರೆದು ಒಳಲಕೋಟೆಯನ್ನು ತಮ್ಮ ಊರಿನ ಅಂಚೆಪೆಟ್ಟಿಗೆಗೆ ಹಾಕುತ್ತಾರೆ. ಪತ್ರ ಯಾರಿಗೆ ಹೋಯಿತೆಂಬುದು ಕಳುಹಿಸಿದವರ ಊರಿನ ಅಂಚೆಯವರಿಗೆ ತಿಳಿಯುವುದಿಲ್ಲ, ಆದರೆ ಆ ಮಧ್ಯಸ್ಥರಿಗೆ ತಿಳಿಯುತ್ತದೆ.

ಎಚ್‌ಟಿಟಿಪಿಎಸ್

ಇತಿಹಾಸ

ಮೊದಲೇ ಪರಿಚಯವಿಲ್ಲದ ಇಬ್ಬರು ಬಯಲು ಜಾಲದ ಮೂಲಕವೇ ಒಂದು ರಹಸ್ಯ ಕೀಲಿಯನ್ನು ಒಪ್ಪಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಪ್ರಕಟಿಸಿದ ಪ್ರಬಂಧ ಉತ್ತರ ನೀಡಿತು. ಸುರಕ್ಷಿತ ಜಾಲಸಂಪರ್ಕಕ್ಕೆ ಅಗತ್ಯವಾದ ಗಣಿತದ ತಳಹದಿ ಇದೇ. ಇದನ್ನು ಜಾಲಪುಟಗಳಿಗೆ ಅಳವಡಿಸುವ ಕೆಲಸವನ್ನು ನೆಟ್‌ಸ್ಕೇಪ್ ಸಂಸ್ಥೆ 1994ರಲ್ಲಿ ಕೈಗೊಂಡಿತು. ಆ ಸಂಸ್ಥೆ ರೂಪಿಸಿದ ಎಸ್‌ಎಸ್‌ಎಲ್ ನಿಯಮಾವಳಿಯ 2.0 ಆವೃತ್ತಿ 1995ರಲ್ಲಿ, 3.0 ಆವೃತ್ತಿ 1996ರಲ್ಲಿ ಹೊರಬಂದವು. 1999ರಲ್ಲಿ ಇದು ಟಿಎಲ್‌ಎಸ್ ಎಂಬ ಹೆಸರಿನಲ್ಲಿ ಅಂತರಜಾಲದ ಮಾನದಂಡವಾಯಿತು. ಅನಂತರ 2006ರಲ್ಲಿ 1.1, 2008ರಲ್ಲಿ 1.2 ಮತ್ತು 2018ರಲ್ಲಿ 1.3 ಆವೃತ್ತಿಗಳು ಬಂದವು. ಹಳೆಯ 1.0 ಮತ್ತು 1.1 ಆವೃತ್ತಿಗಳನ್ನು 2021ರಲ್ಲಿ ಅಧಿಕೃತವಾಗಿ ಕೈಬಿಡಲಾಯಿತು.

ದೀರ್ಘಕಾಲ ಎಚ್‌ಟಿಟಿಪಿಎಸ್ ಬ್ಯಾಂಕಿಂಗ್ ಮತ್ತು ಹಣಪಾವತಿಯ ಪುಟಗಳಿಗೆ ಸೀಮಿತವಾಗಿತ್ತು. ಹಲವು ಜಾಲತಾಣಗಳು ಪ್ರವೇಶಪುಟವನ್ನು ಮಾತ್ರ ಗೂಢಲಿಪೀಕರಿಸಿ ಉಳಿದ ಪುಟಗಳನ್ನು ಬಯಲಾಗಿ ಕಳುಹಿಸುತ್ತಿದ್ದವು. ಇದರ ಅಪಾಯವನ್ನು 2010ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ಸೇರ್ಪಡೆ ಎಲ್ಲರ ಕಣ್ಣಿಗೆ ಕಾಣುವಂತೆ ಮಾಡಿತು. ಒಂದೇ ತೆರೆದ ವೈ-ಫೈ ಜಾಲದಲ್ಲಿರುವ ಇತರರ ಕುಕಿಗಳನ್ನು ಹಿಡಿದು, ಗುಪ್ತಪದವೇ ಇಲ್ಲದೆ ಅವರ ಸಾಮಾಜಿಕ ಜಾಲತಾಣದ ಖಾತೆಯೊಳಗೆ ಪ್ರವೇಶಿಸಲು ಅದರಿಂದ ಯಾವುದೇ ಪರಿಣತಿ ಇಲ್ಲದವರಿಗೂ ಸಾಧ್ಯವಾಯಿತು. ಜಿಮೇಲ್ ಅದೇ ವರ್ಷದ ಜನವರಿಯಲ್ಲಿ ಎಲ್ಲ ಬಳಕೆದಾರರಿಗೂ ಎಚ್‌ಟಿಟಿಪಿಎಸ್ ಅನ್ನು ಪೂರ್ವನಿಯೋಜಿತವಾಗಿ ಜಾರಿಗೊಳಿಸಿತ್ತು. ಫೇಸ್‌ಬುಕ್ 2011ರಲ್ಲಿ ಅದನ್ನು ಆಯ್ಕೆಯಾಗಿ ನೀಡಿ, 2013ರಲ್ಲಿ ಎಲ್ಲರಿಗೂ ಅನ್ವಯಿಸಿತು.

2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಬಹಿರಂಗಪಡಿಸಿದ ದಾಖಲೆಗಳು ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳು ಅಂತರಜಾಲ ಸಂಚಾರವನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸುತ್ತಿದ್ದುದನ್ನು ತೋರಿಸಿದವು. ಇದರ ನಂತರ ಎಚ್‌ಟಿಟಿಪಿಎಸ್ ಅಳವಡಿಕೆ ವೇಗ ಪಡೆಯಿತು. ವಿಕಿಮೀಡಿಯ ಪ್ರತಿಷ್ಠಾನವು 2015ರ ಜೂನ್‌ನಲ್ಲಿ ಕನ್ನಡ ವಿಕಿಪೀಡಿಯವೂ ಸೇರಿದಂತೆ ತನ್ನ ಎಲ್ಲ ಭಾಷೆಗಳ ಯೋಜನೆಗಳನ್ನು ಎಚ್‌ಟಿಟಿಪಿಎಸ್‌ಗೆ ಬದಲಾಯಿಸುವುದಾಗಿ ಪ್ರಕಟಿಸಿತು. 2018ರ ಜುಲೈನಲ್ಲಿ ಬಿಡುಗಡೆಯಾದ ಕ್ರೋಮ್ 68 ಆವೃತ್ತಿಯು ಗೂಢಲಿಪೀಕರಣವಿಲ್ಲದ ಎಲ್ಲ ಪುಟಗಳನ್ನೂ ಸುರಕ್ಷಿತವಲ್ಲ ಎಂದು ಗುರುತಿಸತೊಡಗಿತು.

ಕಾರ್ಯವಿಧಾನ

ಎಚ್‌ಟಿಟಿಪಿಎಸ್ ಸಂಪರ್ಕ ಸಾಮಾನ್ಯವಾಗಿ 443ನೆಯ ಪೋರ್ಟ್ ಮೂಲಕ ನಡೆಯುತ್ತದೆ. ಸಾದಾ ಎಚ್‌ಟಿಟಿಪಿ 80ನೆಯ ಪೋರ್ಟ್ ಬಳಸುತ್ತದೆ. ಪುಟದ ವಿಷಯ ರವಾನೆಯಾಗುವ ಮೊದಲು ಬ್ರೌಸರ್ ಮತ್ತು ಸರ್ವರ್ ನಡುವೆ ಹಸ್ತಲಾಘವ ಎಂದು ಕರೆಯಲಾಗುವ ಒಂದು ಮಾತುಕತೆ ನಡೆಯುತ್ತದೆ. ಇದರಲ್ಲಿ ಮೂರು ಕೆಲಸಗಳು ನೆರವೇರುತ್ತವೆ.

ಮೊದಲನೆಯದಾಗಿ, ಡಿಫಿ-ಹೆಲ್‌ಮನ್ ವಿಧಾನದ ಮೂಲಕ ಎರಡೂ ಕಡೆಯವರು ಒಂದು ತಾತ್ಕಾಲಿಕ ರಹಸ್ಯವನ್ನು ಸಿದ್ಧಪಡಿಸುತ್ತಾರೆ. ಎರಡನೆಯದಾಗಿ, ಸರ್ವರ್ ತನ್ನ ಡಿಜಿಟಲ್ ಪ್ರಮಾಣಪತ್ರವನ್ನು ತೋರಿಸಿ ತಾನು ಆ ಹೆಸರಿನ ಜಾಲತಾಣವೇ ಎಂದು ಸಾಬೀತುಪಡಿಸುತ್ತದೆ. ಮೂರನೆಯದಾಗಿ, ಆ ರಹಸ್ಯದಿಂದ ಪಡೆದ ಕೀಲಿಯನ್ನು ಬಳಸಿ ಮುಂದಿನ ಎಲ್ಲ ವಿಷಯವನ್ನೂ ಎಇಎಸ್‌ನಂತಹ ವೇಗವಾದ ಗೂಢಲಿಪಿಯಿಂದ ಮುಚ್ಚಲಾಗುತ್ತದೆ. ದಾರಿಯಲ್ಲಿ ಯಾರಾದರೂ ಒಂದು ಅಕ್ಷರವನ್ನು ಬದಲಾಯಿಸಿದರೂ ಅದು ಪತ್ತೆಯಾಗಿ ಸಂಪರ್ಕ ಕಡಿದುಹೋಗುತ್ತದೆ.

ಟಿಎಲ್‌ಎಸ್ 1.3 ಆವೃತ್ತಿಯಲ್ಲಿ ಪ್ರಮಾಣಪತ್ರವನ್ನು ಆಧರಿಸಿದ ಪ್ರತಿ ಸಂಪರ್ಕಕ್ಕೂ ಹೊಸ ತಾತ್ಕಾಲಿಕ ರಹಸ್ಯ ಸೃಷ್ಟಿಯಾಗುತ್ತದೆ. ಇದರಿಂದಾಗಿ ಇಂದಿನ ಸಂಚಾರವನ್ನು ಸಂಗ್ರಹಿಸಿಟ್ಟುಕೊಂಡವರು ಮುಂದೊಂದು ದಿನ ಸರ್ವರಿನ ಖಾಸಗಿ ಕೀಲಿಯನ್ನು ಕದ್ದರೂ ಹಳೆಯ ಸಂವಾದವನ್ನು ಬಿಡಿಸಿ ಓದಲಾಗದು. ಇಂತಹ ಕಳ್ಳತನ ಕೇವಲ ಊಹೆಯಲ್ಲ. 2014ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ಎಂಬ ದೋಷವು ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವನ್ನು ಬಳಸುತ್ತಿದ್ದ ಸರ್ವರುಗಳ ನೆನಪುಕೋಶದಿಂದ ಖಾಸಗಿ ಕೀಲಿಗಳನ್ನು ಹೊರತೆಗೆಯಲು ದಾರಿ ಮಾಡಿಕೊಟ್ಟಿತ್ತು.

ಪ್ರಮಾಣಪತ್ರಗಳು

ಗೂಢಲಿಪೀಕರಣ ಎಷ್ಟೇ ಬಲವಾಗಿದ್ದರೂ ಆಚೆ ಬದಿಯಲ್ಲಿರುವವರು ಯಾರು ಎಂಬುದು ತಿಳಿಯದಿದ್ದರೆ ಪ್ರಯೋಜನವಿಲ್ಲ. ಈ ಗುರುತನ್ನು ಪ್ರಮಾಣೀಕರಿಸುವ ಸಂಸ್ಥೆಗಳನ್ನು ಪ್ರಮಾಣಪತ್ರ ಪ್ರಾಧಿಕಾರಗಳು ಎನ್ನುತ್ತಾರೆ. ತಾವು ನಂಬುವ ಪ್ರಾಧಿಕಾರಗಳ ಪಟ್ಟಿಯನ್ನು ಬ್ರೌಸರ್‌ಗಳು ಮತ್ತು ಕಾರ್ಯಾಚರಣ ವ್ಯವಸ್ಥೆಗಳು ಮೊದಲೇ ಹೊಂದಿರುತ್ತವೆ. ಪಟ್ಟಿಯಲ್ಲಿರುವ ಯಾವುದೇ ಒಂದು ಪ್ರಾಧಿಕಾರ ಎಡವಿದರೆ ಯಾವುದೇ ಜಾಲತಾಣದ ಹೆಸರಿನಲ್ಲಿ ನಕಲಿ ಪ್ರಮಾಣಪತ್ರ ಹುಟ್ಟಬಹುದು ಎಂಬುದು ಈ ವ್ಯವಸ್ಥೆಯ ದೌರ್ಬಲ್ಯ.

2011ರಲ್ಲಿ ನೆದರ್‌ಲೆಂಡ್ಸ್‌ನ ಡಿಜಿನೋಟಾರ್ ಎಂಬ ಪ್ರಾಧಿಕಾರದ ಗಣಕಗಳಿಗೆ ನುಸುಳಿದ ದಾಳಿಕೋರರು ಗೂಗಲ್ ಹೆಸರಿನಲ್ಲಿ ಪ್ರಮಾಣಪತ್ರ ಸೃಷ್ಟಿಸಿದರು. ಅದನ್ನು ಇರಾನಿನ ಬಳಕೆದಾರರ ಸಂವಾದವನ್ನು ಕದ್ದಾಲಿಸಲು ಬಳಸಲಾಯಿತು. ಬ್ರೌಸರ್‌ಗಳು ಆ ಪ್ರಾಧಿಕಾರವನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿದವು ಮತ್ತು ಅದೇ ವರ್ಷ ಸಂಸ್ಥೆ ದಿವಾಳಿಯಾಯಿತು. ಭಾರತದಲ್ಲಿಯೂ ಇಂತಹ ಘಟನೆ ನಡೆದಿದೆ. 2014ರ ಜುಲೈನಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಾಧಿಕಾರದಿಂದ ಗೂಗಲ್‌ನ ಹಲವು ಹೆಸರುಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಂದಿದ್ದನ್ನು ಗೂಗಲ್ ಪತ್ತೆಹಚ್ಚಿತು. ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಆ ಕೇಂದ್ರದ ಮಧ್ಯಂತರ ಪ್ರಮಾಣಪತ್ರಗಳನ್ನು ರದ್ದುಗೊಳಿಸಿದರು.

ಇದಕ್ಕೆ ಪರಿಹಾರವಾಗಿ ಪ್ರಮಾಣಪತ್ರ ಪಾರದರ್ಶಕತೆ ಎಂಬ ಏರ್ಪಾಡು ರೂಪುಗೊಂಡಿತು. ನೀಡಲಾದ ಪ್ರಮಾಣಪತ್ರಗಳನ್ನು ಯಾರು ಬೇಕಾದರೂ ಪರಿಶೀಲಿಸಬಹುದಾದ ಸಾರ್ವಜನಿಕ ದಾಖಲೆಯಲ್ಲಿ ನಮೂದಿಸುವುದು ಇದರ ತಿರುಳು. 2018ರ ಏಪ್ರಿಲ್ ಅಂತ್ಯದ ನಂತರ ನೀಡಲಾದ ಪ್ರಮಾಣಪತ್ರಗಳಿಗೆ ಕ್ರೋಮ್ ಈ ನಮೂದನ್ನು ಕಡ್ಡಾಯಗೊಳಿಸಿತು.

ಪ್ರಮಾಣಪತ್ರಗಳ ಬೆಲೆ ಮತ್ತು ಅವುಗಳನ್ನು ಅಳವಡಿಸುವ ತೊಡಕು ಸಣ್ಣ ಜಾಲತಾಣಗಳಿಗೆ ಬಹುಕಾಲ ಅಡ್ಡಿಯಾಗಿದ್ದವು. 2014ರ ನವೆಂಬರ್‌ನಲ್ಲಿ ಘೋಷಣೆಯಾಗಿ 2015ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಪ್ರಾಧಿಕಾರವು 90 ದಿನಗಳ ಅವಧಿಯ ಪ್ರಮಾಣಪತ್ರಗಳನ್ನು ಉಚಿತವಾಗಿ, ಸ್ವಯಂಚಾಲಿತವಾಗಿ ನೀಡತೊಡಗಿತು. ಇದರ ಸ್ಥಾಪನೆಯಲ್ಲಿ ಮೊಜಿಲ್ಲಾ, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯ ಪಾಲ್ಗೊಂಡಿದ್ದವು. ವೈಯಕ್ತಿಕ ಬ್ಲಾಗುಗಳು ಮತ್ತು ಸಣ್ಣ ಪತ್ರಿಕೆಗಳೂ ಎಚ್‌ಟಿಟಿಪಿಎಸ್ ಬಳಸಲು ಇದು ಅನುವು ಮಾಡಿಕೊಟ್ಟಿತು.

ಮಿತಿಗಳು

ಎಚ್‌ಟಿಟಿಪಿಎಸ್ ಪುಟದ ವಿಳಾಸದಲ್ಲಿ ತಾಣದ ಹೆಸರಿನ ನಂತರ ಬರುವ ಭಾಗವನ್ನು ಮರೆಮಾಡುತ್ತದೆಯೇ ಹೊರತು ತಾಣದ ಹೆಸರನ್ನಲ್ಲ. ಹಸ್ತಲಾಘವದ ಆರಂಭದಲ್ಲಿ ಬ್ರೌಸರ್ ತಾನು ಹುಡುಕುತ್ತಿರುವ ತಾಣದ ಹೆಸರನ್ನು ಸಾಮಾನ್ಯವಾಗಿ ಬಯಲಾಗಿಯೇ ಹೇಳುತ್ತದೆ. ಇದನ್ನೂ ಮುಚ್ಚುವ ವಿಸ್ತರಣೆಯೊಂದು ರೂಪುಗೊಂಡಿದ್ದರೂ ಎಲ್ಲ ತಾಣಗಳಲ್ಲಿ ಅದು ಇಲ್ಲ. ತಾಣದ ಹೆಸರನ್ನು ಐಪಿ ವಿಳಾಸಕ್ಕೆ ಪರಿವರ್ತಿಸುವ ಡಿಎನ್‌ಎಸ್ ಪ್ರಶ್ನೆಗಳೂ ಮೂಲತಃ ಗೂಢಲಿಪೀಕರಣವಿಲ್ಲದವು. ಅವುಗಳನ್ನು ಟಿಎಲ್‌ಎಸ್ ಮೂಲಕ ಕಳುಹಿಸುವ ಮಾನದಂಡ 2016ರಲ್ಲಿ, ಎಚ್‌ಟಿಟಿಪಿಎಸ್ ಮೂಲಕ ಕಳುಹಿಸುವ ಮಾನದಂಡ 2018ರಲ್ಲಿ ಪ್ರಕಟವಾದವು.

ಬಳಕೆದಾರರನ್ನು ಎಚ್‌ಟಿಟಿಪಿಎಸ್‌ನಿಂದ ಸದ್ದಿಲ್ಲದೆ ಎಚ್‌ಟಿಟಿಪಿಗೆ ಇಳಿಸುವ ದಾಳಿಯನ್ನು 2009ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಪ್ರದರ್ಶಿಸಿದರು. ಇದನ್ನು ತಡೆಯಲು, ತನ್ನನ್ನು ಗೂಢಲಿಪೀಕೃತ ಸಂಪರ್ಕದಿಂದ ಮಾತ್ರ ತೆರೆಯಬೇಕೆಂದು ತಾಣವು ಬ್ರೌಸರ್‌ಗೆ ಸೂಚಿಸುವ ಎಚ್‌ಎಸ್‌ಟಿಎಸ್ ಎಂಬ ನಿಯಮ 2012ರಲ್ಲಿ ಮಾನದಂಡವಾಯಿತು.

ಸಂಪರ್ಕ ಸುರಕ್ಷಿತವಾಗಿದೆ ಎಂದ ಮಾತ್ರಕ್ಕೆ ತಾಣ ಪ್ರಾಮಾಣಿಕವಾದುದು ಎಂದಲ್ಲ. ಬ್ಯಾಂಕಿನ ಹೆಸರನ್ನು ಹೋಲುವ ಹೆಸರಿನ ವಂಚಕ ತಾಣವೂ ಕ್ರಮಬದ್ಧ ಪ್ರಮಾಣಪತ್ರ ಪಡೆಯಬಹುದು. ಆಗ ಗುಪ್ತಪದವು ಯಾರಿಗೂ ಕಾಣದಂತೆ ಸುರಕ್ಷಿತವಾಗಿ ವಂಚಕರಿಗೇ ತಲುಪುತ್ತದೆ. ವಿಳಾಸಪಟ್ಟಿಯಲ್ಲಿದ್ದ ಬೀಗದ ಚಿಹ್ನೆಯನ್ನು ಜನರು ವಿಶ್ವಾಸಾರ್ಹತೆಯ ಮುದ್ರೆಯೆಂದು ತಪ್ಪಾಗಿ ಭಾವಿಸುತ್ತಿದ್ದ ಕಾರಣ 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಅದನ್ನು ಬೇರೊಂದು ಚಿಹ್ನೆಗೆ ಬದಲಾಯಿಸಿತು.

ವಿಪಿಎನ್

ಇತಿಹಾಸ ಮತ್ತು ಪ್ರೋಟೋಕಾಲ್‌ಗಳು

ವಿಪಿಎನ್ ಹುಟ್ಟಿದ್ದು ಸಾಮಾನ್ಯ ಬಳಕೆದಾರರ ಖಾಸಗಿತನಕ್ಕಾಗಿ ಅಲ್ಲ. ದೂರದ ಶಾಖೆಗಳನ್ನು ಹಾಗೂ ಪ್ರವಾಸದಲ್ಲಿರುವ ನೌಕರರನ್ನು ದುಬಾರಿ ಬಾಡಿಗೆ ತಂತಿಗಳಿಲ್ಲದೆ ಕಚೇರಿಯ ಒಳಜಾಲಕ್ಕೆ ಸೇರಿಸುವುದು ಅದರ ಮೂಲ ಉದ್ದೇಶ. 1990ರ ದಶಕದಲ್ಲಿ ಮೈಕ್ರೋಸಾಫ್ಟ್ ಮತ್ತಿತರ ಸಂಸ್ಥೆಗಳು ರೂಪಿಸಿದ ಪಿಪಿಟಿಪಿ ಇದರ ಆರಂಭಿಕ ರೂಪಗಳಲ್ಲೊಂದು. ಅದರ ಭದ್ರತೆ ದುರ್ಬಲವೆಂದು ಸಾಬೀತಾಗಿರುವುದರಿಂದ ಅದರ ಬಳಕೆಯನ್ನು ಈಗ ತಜ್ಞರು ಒಪ್ಪುವುದಿಲ್ಲ. ಅಂತರಜಾಲದ ಪ್ಯಾಕೆಟ್‌ಗಳನ್ನೇ ಗೂಢಲಿಪೀಕರಿಸುವ ಐಪಿಸೆಕ್‌ನ ಮೊದಲ ಮಾನದಂಡ 1995ರಲ್ಲಿ ಪ್ರಕಟವಾಯಿತು. 2001ರಲ್ಲಿ ಜೇಮ್ಸ್ ಯೋನನ್ ಬಿಡುಗಡೆ ಮಾಡಿದ ಓಪನ್‌ವಿಪಿಎನ್ ಟಿಎಲ್‌ಎಸ್ ತಂತ್ರವನ್ನು ಬಳಸುವ ಮುಕ್ತ ತಂತ್ರಾಂಶ. ಜೇಸನ್ ಡೊನೆನ್‌ಫೆಲ್ಡ್ ರೂಪಿಸಿದ ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6 ಕರ್ನಲ್‌ನ ಭಾಗವಾಯಿತು. ಸುಮಾರು 4,000 ಸಾಲುಗಳಷ್ಟು ಚಿಕ್ಕದಾದ ಅದರ ಸಂಕೇತವನ್ನು ಪರಿಶೀಲಿಸುವುದು ಹಿಂದಿನ ತಂತ್ರಾಂಶಗಳಿಗಿಂತ ಸುಲಭ.

ಕಾರ್ಯವಿಧಾನ

ವಿಪಿಎನ್ ತಂತ್ರಾಂಶವು ಸಾಧನದಲ್ಲಿ ಒಂದು ಕೃತಕ ಜಾಲಸಂಪರ್ಕವನ್ನು ಸೃಷ್ಟಿಸುತ್ತದೆ. ಸಾಧನದಿಂದ ಹೊರಡುವ ಪ್ರತಿ ಪ್ಯಾಕೆಟ್ ಗೂಢಲಿಪೀಕೃತವಾಗಿ, ವಿಪಿಎನ್ ಸರ್ವರಿನ ವಿಳಾಸವಿರುವ ಹೊಸ ಪ್ಯಾಕೆಟ್‌ನೊಳಗೆ ಸೇರುತ್ತದೆ. ಸರ್ವರ್ ಹೊರಪದರವನ್ನು ಬಿಡಿಸಿ ಒಳಗಿನ ಬೇಡಿಕೆಯನ್ನು ತನ್ನ ಐಪಿ ವಿಳಾಸದಿಂದ ಜಾಲತಾಣಕ್ಕೆ ಕಳುಹಿಸುತ್ತದೆ. ಉತ್ತರ ಅದೇ ಮಾರ್ಗದಲ್ಲಿ ಹಿಂದಿರುಗುತ್ತದೆ. ವಿಪಿಎನ್ ನೀಡುವ ಗೂಢಲಿಪೀಕರಣ ಸರ್ವರಿನಲ್ಲಿಯೇ ಮುಗಿಯುತ್ತದೆ ಎಂಬುದು ಗಮನಾರ್ಹ. ಅಲ್ಲಿಂದ ಜಾಲತಾಣದವರೆಗಿನ ದಾರಿಯಲ್ಲಿ ರಕ್ಷಣೆ ನೀಡುವುದು ಎಚ್‌ಟಿಟಿಪಿಎಸ್ ಮಾತ್ರ.

ಬಳಕೆ

ಸಂಸ್ಥೆಗಳ ಒಳಜಾಲಕ್ಕೆ ದೂರದಿಂದ ಪ್ರವೇಶಿಸುವುದು ಇಂದಿಗೂ ವಿಪಿಎನ್‌ನ ಪ್ರಮುಖ ಬಳಕೆ. 2020ರಲ್ಲಿ ಕೋವಿಡ್-19 ಸಾಂಕ್ರಾಮಿಕದ ಕಾರಣ ಕಚೇರಿಗಳು ಮುಚ್ಚಿದಾಗ ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳ ನೌಕರರು ತಮ್ಮ ಊರುಗಳಿಂದಲೇ ಕೆಲಸ ಮಾಡಲು ಇಂತಹ ಸಂಪರ್ಕಗಳೇ ನೆರವಾದವು. ವಿದ್ಯಾರ್ಥಿಗಳು ಮನೆಯಿಂದ ವಿಶ್ವವಿದ್ಯಾಲಯದ ಗ್ರಂಥಾಲಯ ಚಂದಾದಾರವಾಗಿರುವ ಸಂಶೋಧನಾ ಪತ್ರಿಕೆಗಳನ್ನು ಓದಲು ಸಂಸ್ಥೆಯ ವಿಪಿಎನ್ ಬಳಸುವುದುಂಟು. ಹಣ ಪಡೆದು ಅಥವಾ ಉಚಿತವಾಗಿ ಸೇವೆ ನೀಡುವ ವಾಣಿಜ್ಯ ವಿಪಿಎನ್‌ಗಳನ್ನು ಜನರು ತೆರೆದ ವೈ-ಫೈಯಲ್ಲಿ ರಕ್ಷಣೆ ಪಡೆಯಲು, ತಮ್ಮ ಅಂತರಜಾಲ ಸೇವಾದಾರರಿಂದ ವೀಕ್ಷಣೆಯ ಚರಿತ್ರೆಯನ್ನು ಮುಚ್ಚಿಡಲು ಹಾಗೂ ತಡೆಹಿಡಿಯಲಾದ ತಾಣಗಳನ್ನು ತಲುಪಲು ಬಳಸುತ್ತಾರೆ.

2019ರ ಆಗಸ್ಟ್‌ನಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಸ್ಥಗಿತಗೊಂಡ ಅಂತರಜಾಲ ಸೇವೆಯನ್ನು 2020ರ ಜನವರಿಯಲ್ಲಿ ಅನುಮತಿಸಿದ ತಾಣಗಳ ಪಟ್ಟಿಗಷ್ಟೇ ಸೀಮಿತಗೊಳಿಸಿ ಮರಳಿ ನೀಡಿದಾಗ, ಪಟ್ಟಿಯಲ್ಲಿಲ್ಲದ ತಾಣಗಳನ್ನು ತಲುಪಲು ಅಲ್ಲಿನ ಜನರು ವಿಪಿಎನ್ ಮೊರೆಹೋದರು.

ವಿಶ್ವಾಸದ ಪ್ರಶ್ನೆ

ವಿಪಿಎನ್ ಬಳಸಿದಾಗ ಅಂತರಜಾಲ ಸೇವಾದಾರರಿಗೆ ಕಾಣುತ್ತಿದ್ದುದೆಲ್ಲ ವಿಪಿಎನ್ ಸಂಸ್ಥೆಗೆ ಕಾಣಲಾರಂಭಿಸುತ್ತದೆ. ಅಂದರೆ ವಿಪಿಎನ್ ವೀಕ್ಷಕರನ್ನು ಇಲ್ಲವಾಗಿಸುವುದಿಲ್ಲ, ಬದಲಾಯಿಸುತ್ತದೆ. ಆದ್ದರಿಂದ ಸೇವೆ ನೀಡುವವರು ಯಾರು, ಅವರ ಆದಾಯದ ಮೂಲ ಯಾವುದು, ಅವರು ಯಾವ ದೇಶದ ಕಾನೂನಿಗೆ ಒಳಪಟ್ಟಿದ್ದಾರೆ ಎಂಬ ಪ್ರಶ್ನೆಗಳು ಗೂಢಲಿಪಿಯ ಬಲಕ್ಕಿಂತ ಮುಖ್ಯವಾಗುತ್ತವೆ.

ಫೇಸ್‌ಬುಕ್ 2013ರಲ್ಲಿ ಕೊಂಡ ಒನಾವೊ ಸಂಸ್ಥೆಯ ಉಚಿತ ವಿಪಿಎನ್ ಆ್ಯಪ್ ರಕ್ಷಣೆಯ ಹೆಸರಿನಲ್ಲಿ ಪ್ರಚಾರ ಪಡೆದಿತ್ತು. ಬಳಕೆದಾರರು ಯಾವ ಆ್ಯಪ್‌ಗಳನ್ನು ಎಷ್ಟು ಬಳಸುತ್ತಾರೆಂಬ ಮಾಹಿತಿಯನ್ನು ಅದು ಸಂಗ್ರಹಿಸಿ ಮಾತೃಸಂಸ್ಥೆಯ ವ್ಯಾಪಾರಕ್ಕೆ ಒದಗಿಸುತ್ತಿತ್ತು. 2018ರ ಆಗಸ್ಟ್‌ನಲ್ಲಿ ಅದನ್ನು ಆ್ಯಪಲ್‌ನ ಆ್ಯಪ್ ಸ್ಟೋರ್‌ನಿಂದ ತೆಗೆಯಲಾಯಿತು. 2023ರ ಜುಲೈನಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯವು ಈ ಸಂಬಂಧ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. 2015ರಲ್ಲಿ ಹೋಲಾ ಎಂಬ ಉಚಿತ ಸೇವೆಯು ತನ್ನ ಬಳಕೆದಾರರ ಸಂಪರ್ಕಗಳನ್ನೇ ಇತರರ ಸಂಚಾರಕ್ಕೆ ನಿರ್ಗಮನ ದ್ವಾರವಾಗಿ ಮಾರುತ್ತಿದ್ದುದು ವಿವಾದವಾಯಿತು.

2016ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧಕರೂ ಸೇರಿದ್ದ ತಂಡವು 283 ಆಂಡ್ರಾಯ್ಡ್ ವಿಪಿಎನ್ ಆ್ಯಪ್‌ಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಶೇ. 18ರಷ್ಟು ಆ್ಯಪ್‌ಗಳು ಸಂಚಾರವನ್ನು ಗೂಢಲಿಪೀಕರಿಸುತ್ತಲೇ ಇರಲಿಲ್ಲ. ಶೇ. 75ರಷ್ಟು ಆ್ಯಪ್‌ಗಳಲ್ಲಿ ಬಳಕೆದಾರರ ಜಾಡು ಹಿಡಿಯುವ ಮೂರನೆಯವರ ಸಂಕೇತ ಇತ್ತು, ಶೇ. 38ರಷ್ಟು ಆ್ಯಪ್‌ಗಳಲ್ಲಿ ದುರುದ್ದೇಶದ ತಂತ್ರಾಂಶದ ಲಕ್ಷಣಗಳು ಕಂಡುಬಂದವು.

ಬಳಕೆಯ ದಾಖಲೆಗಳನ್ನು ಇಡುವುದಿಲ್ಲ ಎಂಬ ಭರವಸೆಯನ್ನು ಹೊರಗಿನವರು ಪರೀಕ್ಷಿಸುವುದು ಕಷ್ಟ. 2011ರಲ್ಲಿ ಹೈಡ್‌ಮೈಆ್ಯಸ್ ಎಂಬ ಸೇವೆ ನ್ಯಾಯಾಲಯದ ಆದೇಶದಂತೆ ತನ್ನಲ್ಲಿದ್ದ ಸಂಪರ್ಕದ ದಾಖಲೆಗಳನ್ನು ತನಿಖಾಧಿಕಾರಿಗಳಿಗೆ ನೀಡಿತು. ಇದಕ್ಕೆ ವ್ಯತಿರಿಕ್ತವಾಗಿ, 2023ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಪೊಲೀಸರು ಮಲ್‌ವಾಡ್ ಸಂಸ್ಥೆಯ ಕಚೇರಿಗೆ ಶೋಧನಾ ಆದೇಶದೊಂದಿಗೆ ಬಂದಾಗ, ಅಂತಹ ಗ್ರಾಹಕರ ಮಾಹಿತಿ ತನ್ನಲ್ಲಿ ಇಲ್ಲವೆಂದು ಸಂಸ್ಥೆ ವಿವರಿಸಿದ ನಂತರ ಅವರು ಏನನ್ನೂ ವಶಪಡಿಸಿಕೊಳ್ಳದೆ ಹಿಂದಿರುಗಿದರೆಂದು ಅದು ತಿಳಿಸಿತು. ಸಂಗ್ರಹಿಸದ ಮಾಹಿತಿಯನ್ನು ಯಾರೂ ಕೇಳಿ ಪಡೆಯಲಾಗದು, ಕದಿಯಲೂ ಆಗದು.

ಸೋರಿಕೆ

ವಿಪಿಎನ್ ಚಾಲನೆಯಲ್ಲಿದ್ದಾಗಲೂ ಕೆಲವು ಸಂಚಾರ ಸುರಂಗದ ಹೊರಗೆ ಹೋಗಬಹುದು. ಡಿಎನ್‌ಎಸ್ ಪ್ರಶ್ನೆಗಳು ಮೊದಲಿನ ಸೇವಾದಾರರಿಗೇ ತಲುಪುವುದು, ಐಪಿವಿ4 ಸಂಚಾರವನ್ನಷ್ಟೇ ಮುಚ್ಚಿ ಐಪಿವಿ6 ಸಂಚಾರವನ್ನು ಬಯಲಿಗೆ ಬಿಡುವುದು ಇದಕ್ಕೆ ಉದಾಹರಣೆ. ಮೇಲೆ ಹೇಳಿದ 2016ರ ಅಧ್ಯಯನದಲ್ಲಿ ಶೇ. 84ರಷ್ಟು ಆ್ಯಪ್‌ಗಳು ಐಪಿವಿ6 ಸಂಚಾರವನ್ನು ಸೋರಿಸುತ್ತಿದ್ದವು. ಸುರಂಗ ಹಠಾತ್ತನೆ ಕಡಿದರೆ ಸಾಧನವು ಸದ್ದಿಲ್ಲದೆ ಸಾದಾ ಸಂಪರ್ಕಕ್ಕೆ ಮರಳುತ್ತದೆ. ಆಗ ಇಡೀ ಸಂಚಾರವನ್ನೇ ನಿಲ್ಲಿಸುವ ಕಿಲ್ ಸ್ವಿಚ್ ಎಂಬ ಸೌಲಭ್ಯ ಹಲವು ಆ್ಯಪ್‌ಗಳಲ್ಲಿದೆ. 2024ರ ಮೇ ತಿಂಗಳಲ್ಲಿ ಪ್ರಕಟವಾದ ಟನೆಲ್‌ವಿಷನ್ ಎಂಬ ದಾಳಿಯು, ಸ್ಥಳೀಯ ಜಾಲವನ್ನು ನಿಯಂತ್ರಿಸುವವರು ಬಳಕೆದಾರರ ಸಂಚಾರವನ್ನು ಸುರಂಗದ ಹೊರಗೆ ತಿರುಗಿಸಬಹುದೆಂದು ತೋರಿಸಿತು.

ಯಾರಿಗೆ ಏನು ಕಾಣುತ್ತದೆ

ವಿದ್ಯಾರ್ಥಿಯೊಬ್ಬರು ಹಾಸ್ಟೆಲಿನ ವೈ-ಫೈ ಮೂಲಕ ಒಂದು ಜಾಲತಾಣದಲ್ಲಿ ಕ್ಷಯರೋಗದ ಕುರಿತ ಪುಟವನ್ನು ಓದುತ್ತಿದ್ದಾರೆ ಎಂದುಕೊಂಡರೆ ನಾಲ್ಕು ಸಂದರ್ಭಗಳನ್ನು ಹೀಗೆ ಹೋಲಿಸಬಹುದು.

• ಎಚ್‌ಟಿಟಿಪಿ ಮಾತ್ರ: ತಾಣದ ಹೆಸರು, ರೋಗದ ಹೆಸರು, ಪುಟದ ಪೂರ್ಣ ಪಾಠ ಎಲ್ಲವೂ ವೈ-ಫೈ ನಿರ್ವಾಹಕರಿಗೆ ಹಾಗೂ ಅಂತರಜಾಲ ಸೇವಾದಾರರಿಗೆ ಕಾಣುತ್ತವೆ. ತಾಣಕ್ಕೆ ಓದುಗರ ಜಾಲದ ಐಪಿ ವಿಳಾಸ ತಿಳಿಯುತ್ತದೆ.

• ಎಚ್‌ಟಿಟಿಪಿಎಸ್: ಯಾವ ತಾಣಕ್ಕೆ, ಯಾವಾಗ, ಎಷ್ಟು ಮಾಹಿತಿ ಹರಿದಿದೆ ಎಂಬುದು ನಿರ್ವಾಹಕರಿಗೆ ಕಾಣುತ್ತದೆ, ಓದಿದ ಪುಟ ಯಾವುದೆಂದು ನೇರವಾಗಿ ಕಾಣುವುದಿಲ್ಲ. ತಾಣಕ್ಕೆ ಐಪಿ ವಿಳಾಸ ಮತ್ತು ಪುಟ ಎರಡೂ ತಿಳಿಯುತ್ತವೆ.

• ವಿಪಿಎನ್ ಮತ್ತು ಎಚ್‌ಟಿಟಿಪಿ: ವಿಪಿಎನ್ ಸರ್ವರಿನೊಡನೆ ಸಂಪರ್ಕವಿದೆ ಎಂಬುದಷ್ಟೇ ನಿರ್ವಾಹಕರಿಗೆ ಕಾಣುತ್ತದೆ. ವಿಪಿಎನ್ ಸಂಸ್ಥೆಗೆ ಓದುಗರ ಐಪಿ ವಿಳಾಸ, ರೋಗದ ಹೆಸರು, ಪುಟ ಎಲ್ಲವೂ ಕಾಣುತ್ತವೆ.

• ವಿಪಿಎನ್ ಮತ್ತು ಎಚ್‌ಟಿಟಿಪಿಎಸ್: ನಿರ್ವಾಹಕರಿಗೆ ತಾಣದ ಹೆಸರೂ ಕಾಣುವುದಿಲ್ಲ. ವಿಪಿಎನ್ ಸಂಸ್ಥೆಗೆ ತಾಣದ ಹೆಸರು ಕಾಣಬಹುದು, ಪುಟ ಕಾಣದು. ತಾಣಕ್ಕೆ ಪುಟ ತಿಳಿಯುತ್ತದೆ, ಆದರೆ ಕಾಣುವ ಐಪಿ ವಿಳಾಸ ವಿಪಿಎನ್ ಸರ್ವರಿನದು.

ಓದುಗರು ಆ ತಾಣದಲ್ಲಿ ತಮ್ಮ ಖಾತೆಗೆ ಪ್ರವೇಶಿಸಿದ್ದರೆ ನಾಲ್ಕೂ ಸಂದರ್ಭಗಳಲ್ಲಿ ಅವರ ಗುರುತು ತಾಣಕ್ಕೆ ತಿಳಿದೇ ಇರುತ್ತದೆ. ಸಾಧನವನ್ನೇ ಸಂಸ್ಥೆಯೊಂದು ನೀಡಿ ಅದರಲ್ಲಿ ಮೇಲ್ವಿಚಾರಣೆಯ ತಂತ್ರಾಂಶ ಅಥವಾ ತನ್ನದೇ ಪ್ರಮಾಣಪತ್ರವನ್ನು ಅಳವಡಿಸಿದ್ದರೆ ಈ ಯಾವ ರಕ್ಷಣೆಯೂ ಆ ಸಂಸ್ಥೆಯ ವಿರುದ್ಧ ನಿಲ್ಲುವುದಿಲ್ಲ.

ಖಾಸಗಿತನ ಮತ್ತು ಅನಾಮಧೇಯತೆ

ಐಪಿ ವಿಳಾಸವು ಬಳಕೆದಾರರನ್ನು ಗುರುತಿಸುವ ಹಲವು ಸುಳಿವುಗಳಲ್ಲಿ ಒಂದು ಮಾತ್ರ. ಜಾಹೀರಾತು ಸಂಸ್ಥೆಗಳು ಕುಕಿಗಳಿಂದಲೂ ಬ್ರೌಸರಿನ ಲಕ್ಷಣಗಳಿಂದಲೂ ಬಳಕೆದಾರರನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸುತ್ತವೆ. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೊಳಗಾದ ಬ್ರೌಸರ್‌ಗಳಲ್ಲಿ ಶೇ. 83.6ರಷ್ಟು ಬ್ರೌಸರ್‌ಗಳ ಅಕ್ಷರಶೈಲಿ, ಪರದೆಯ ಅಳತೆ ಮೊದಲಾದ ಲಕ್ಷಣಗಳ ಜೋಡಣೆ ಇನ್ನಾವುದಕ್ಕೂ ಹೊಂದದಷ್ಟು ವಿಶಿಷ್ಟವಾಗಿತ್ತು. ವಿಪಿಎನ್ ಆಗಲಿ ಎಚ್‌ಟಿಟಿಪಿಎಸ್ ಆಗಲಿ ಇದನ್ನು ತಡೆಯುವುದಿಲ್ಲ.

ಒಂದೇ ಸಂಸ್ಥೆಯ ಮೇಲೆ ವಿಶ್ವಾಸವಿಡುವ ಬದಲು ಅದನ್ನು ಹಂಚುವ ವಿಧಾನ ಟಾರ್. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿ ಆರಂಭವಾದ ಸಂಶೋಧನೆಯಿಂದ ಬೆಳೆದ ಈ ಜಾಲದಲ್ಲಿ ಸಂಚಾರವು ಸಾಮಾನ್ಯವಾಗಿ ಮೂರು ಸ್ವಯಂಸೇವಕ ಸರ್ವರುಗಳ ಮೂಲಕ ಸಾಗುತ್ತದೆ. ಮೊದಲ ಸರ್ವರಿಗೆ ಬಳಕೆದಾರರ ವಿಳಾಸ ಗೊತ್ತು, ಗಮ್ಯ ಗೊತ್ತಿಲ್ಲ. ಕೊನೆಯದಕ್ಕೆ ಗಮ್ಯ ಗೊತ್ತು, ಬಳಕೆದಾರರ ವಿಳಾಸ ಗೊತ್ತಿಲ್ಲ. ಇದಕ್ಕೆ ತೆರಬೇಕಾದ ಬೆಲೆ ನಿಧಾನಗತಿ. ಟಾರ್ ಮತ್ತು ವಿಪಿಎನ್ ವಿಳಾಸಗಳನ್ನು ಹಲವು ತಾಣಗಳು ತಡೆಯುತ್ತವೆ. ದುರ್ಬಳಕೆ ತಪ್ಪಿಸಲು ವಿಕಿಪೀಡಿಯವೂ ಇಂತಹ ವಿಳಾಸಗಳಿಂದ ಲೇಖನ ಸಂಪಾದಿಸುವುದನ್ನು ಸಾಮಾನ್ಯವಾಗಿ ನಿರ್ಬಂಧಿಸುತ್ತದೆ.

ಕಾನೂನು

ಭಾರತ

ಆಧಾರ್ ಯೋಜನೆಯನ್ನು ಪ್ರಶ್ನಿಸಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಹುಟ್ಟಿದ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಸಂವಿಧಾನ ನೀಡುವ ಮೂಲಭೂತ ಹಕ್ಕು ಎಂದು ಸರ್ವಾನುಮತದಿಂದ ತೀರ್ಪು ನೀಡಿತು. ಈ ಹಕ್ಕಿಗೆ ಮಿತಿ ಹಾಕಬೇಕಾದರೆ ಅದಕ್ಕೆ ಕಾನೂನಿನ ಆಧಾರ, ನ್ಯಾಯಸಮ್ಮತ ಉದ್ದೇಶ ಮತ್ತು ಅನುಪಾತಬದ್ಧತೆ ಇರಬೇಕೆಂಬುದು ಈ ತೀರ್ಪಿನಿಂದ ನೆಲೆಗೊಂಡ ತತ್ತ್ವ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂಗೀಕಾರವಾಯಿತು.

ಇನ್ನೊಂದೆಡೆ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೆಯ ಪ್ರಕರಣವು ರಾಷ್ಟ್ರದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧದ ತನಿಖೆ ಮೊದಲಾದ ಕಾರಣಗಳಿಗಾಗಿ ಮಾಹಿತಿಯನ್ನು ತಡೆದು ನೋಡಲು ಮತ್ತು ಗೂಢಲಿಪಿಯನ್ನು ಬಿಡಿಸಿಕೊಡುವಂತೆ ಆದೇಶಿಸಲು ಸರ್ಕಾರಕ್ಕೆ ಅಧಿಕಾರ ನೀಡುತ್ತದೆ. ಸಹಕರಿಸದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

2022ರ ಏಪ್ರಿಲ್ 28ರಂದು ಭಾರತೀಯ ಕಂಪ್ಯೂಟರ್ ತುರ್ತು ಪ್ರತಿಕ್ರಿಯಾ ತಂಡವು ಹೊರಡಿಸಿದ ನಿರ್ದೇಶನಗಳ ಪ್ರಕಾರ ವಿಪಿಎನ್ ಸೇವಾದಾರರು ಗ್ರಾಹಕರ ಪರಿಶೀಲಿಸಿದ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ, ನೀಡಲಾದ ಐಪಿ ವಿಳಾಸ ಮತ್ತು ಸೇವೆ ಪಡೆಯುವ ಉದ್ದೇಶ ಮೊದಲಾದ ವಿವರಗಳನ್ನು ಕನಿಷ್ಠ ಐದು ವರ್ಷ ಇಟ್ಟುಕೊಳ್ಳಬೇಕು. ಸಂಸ್ಥೆಗಳು ತಮ್ಮ ನೌಕರರಿಗಾಗಿ ನಡೆಸುವ ವಿಪಿಎನ್‌ಗಳಿಗೆ ಇದು ಅನ್ವಯಿಸುವುದಿಲ್ಲವೆಂದು ನಂತರ ಸ್ಪಷ್ಟಪಡಿಸಲಾಯಿತು. ಸೈಬರ್ ಅಪರಾಧಗಳ ತನಿಖೆಗೆ ಇಂತಹ ದಾಖಲೆಗಳು ಅಗತ್ಯವೆಂಬುದು ಸರ್ಕಾರದ ವಾದ. ಅಪರಾಧದ ಶಂಕೆಯೇ ಇಲ್ಲದ ಎಲ್ಲ ಬಳಕೆದಾರರ ಮಾಹಿತಿಯನ್ನೂ ಸಂಗ್ರಹಿಸುವುದು ಖಾಸಗಿತನದ ತತ್ತ್ವಕ್ಕೆ ವಿರುದ್ಧವೆಂಬುದು ಟೀಕಾಕಾರರ ವಾದ. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್ ಮತ್ತು ನಾರ್ಡ್‌ವಿಪಿಎನ್ ಸಂಸ್ಥೆಗಳು 2022ರಲ್ಲಿ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆದುಹಾಕುವ ನಿರ್ಧಾರ ಪ್ರಕಟಿಸಿದವು.

ವಿಪಿಎನ್ ಬಳಕೆಯನ್ನೇ ಅಪರಾಧವೆಂದು ಸಾರುವ ರಾಷ್ಟ್ರಮಟ್ಟದ ಕಾನೂನು ಭಾರತದಲ್ಲಿಲ್ಲ. ಜಮ್ಮು ಮತ್ತು ಕಾಶ್ಮೀರದ ಕೆಲವು ಜಿಲ್ಲಾಡಳಿತಗಳು ತಾತ್ಕಾಲಿಕ ಆದೇಶಗಳ ಮೂಲಕ ಅದನ್ನು ನಿಷೇಧಿಸಿದ್ದುಂಟು. ವಿಪಿಎನ್ ಮೂಲಕ ಎಸಗಿದ ಅಪರಾಧವೂ ಅಪರಾಧವೇ.

ಇತರ ದೇಶಗಳು

ಚೀನಾದಲ್ಲಿ ಸರ್ಕಾರದ ಅನುಮತಿ ಪಡೆದ ವಿಪಿಎನ್ ಸೇವೆಗಳಿಗೆ ಮಾತ್ರ ಅವಕಾಶವಿದೆ. ರಷ್ಯಾದಲ್ಲಿ 2017ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾನೂನು, ನಿಷೇಧಿತ ತಾಣಗಳನ್ನು ತಡೆಯದ ವಿಪಿಎನ್‌ಗಳನ್ನು ನಿರ್ಬಂಧಿಸುತ್ತದೆ. ಕರಾವಳಿ ಕರ್ನಾಟಕದ ಅನೇಕರು ಉದ್ಯೋಗದಲ್ಲಿರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅಪರಾಧ ಎಸಗಲು ಅಥವಾ ಅದನ್ನು ಮರೆಮಾಚಲು ವಿಪಿಎನ್ ಬಳಸಿದರೆ ಸೆರೆವಾಸ ಅಥವಾ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ ವಿಧಿಸಬಹುದು, ಎರಡನ್ನೂ ವಿಧಿಸಲೂಬಹುದು. ಅಲ್ಲಿ ವಾಟ್ಸ್‌ಆ್ಯಪ್ ಮುಂತಾದ ಆ್ಯಪ್‌ಗಳ ಧ್ವನಿಕರೆಗಳು ಬಹುಕಾಲದಿಂದ ನಿರ್ಬಂಧಿತವಾಗಿರುವುದರಿಂದ, ಊರಿಗೆ ಕರೆ ಮಾಡಲು ವಿಪಿಎನ್ ಬಳಸುವ ವಲಸೆ ಕಾರ್ಮಿಕರಿಗೆ ಈ ಕಾನೂನು ನೇರವಾಗಿ ಸಂಬಂಧಿಸುತ್ತದೆ.

ಆಯ್ಕೆಯ ಮಾನದಂಡಗಳು

ಯಾವ ರಕ್ಷಣೆ ಅಗತ್ಯ ಎಂಬುದು ಯಾರಿಂದ ಏನನ್ನು ಮುಚ್ಚಿಡಬೇಕಾಗಿದೆ ಎಂಬುದನ್ನು ಅವಲಂಬಿಸುತ್ತದೆ. ಬ್ಯಾಂಕ್ ವ್ಯವಹಾರ, ಪರೀಕ್ಷಾ ಅರ್ಜಿ, ಇ-ಮೇಲ್ ಮೊದಲಾದ ದಿನನಿತ್ಯದ ಬಳಕೆಯಲ್ಲಿ ವಿಷಯವನ್ನು ಕದ್ದಾಲಿಕೆಯಿಂದ ಕಾಪಾಡುವುದು ಮುಖ್ಯವಾಗಿ ಎಚ್‌ಟಿಟಿಪಿಎಸ್. ಎಚ್‌ಟಿಟಿಪಿ ಪುಟಗಳನ್ನು ತೆರೆಯುವ ಮೊದಲು ಎಚ್ಚರಿಸುವ ಸೌಲಭ್ಯ ಪ್ರಮುಖ ಬ್ರೌಸರ್‌ಗಳ ಆಯ್ಕೆಗಳಲ್ಲಿ ದೊರೆಯುತ್ತದೆ. ಪ್ರಮಾಣಪತ್ರದ ದೋಷದ ಎಚ್ಚರಿಕೆ ಬಂದಾಗ ಅದನ್ನು ದಾಟಿ ಮುಂದುವರಿಯುವುದು ಈ ರಕ್ಷಣೆಯನ್ನೇ ಕೈಬಿಟ್ಟಂತೆ. ಅಪರಿಚಿತ ಜಾಲದ ಮೂಲಕ ಸಂಪರ್ಕಿಸುವಾಗ ಅಥವಾ ಭೇಟಿ ನೀಡುವ ತಾಣಗಳ ಹೆಸರೂ ಸೇವಾದಾರರಿಗೆ ತಿಳಿಯಬಾರದೆಂದಾಗ ವಿಪಿಎನ್ ಉಪಯುಕ್ತ. ಸ್ವತಂತ್ರ ಲೆಕ್ಕಪರಿಶೋಧನೆಯ ವರದಿ, ಮುಕ್ತ ಆಕರ ತಂತ್ರಾಂಶ, ಒಡೆತನದ ಸ್ಪಷ್ಟತೆ ಮತ್ತು ಸಂಗ್ರಹಿಸುವ ಮಾಹಿತಿಯ ಪ್ರಮಾಣ ಇವು ಸೇವೆಯೊಂದರ ವಿಶ್ವಾಸಾರ್ಹತೆಯನ್ನು ಅಳೆಯಲು ಬಳಸುವ ಸಾಮಾನ್ಯ ಮಾನದಂಡಗಳು. ಪತ್ರಕರ್ತರು ಹಾಗೂ ಮಾಹಿತಿ ಬಹಿರಂಗಪಡಿಸುವವರಂತೆ ಗುರುತು ಬಯಲಾದರೆ ಗಂಭೀರ ಅಪಾಯ ಎದುರಿಸುವವರಿಗೆ ವಿಪಿಎನ್ ಒಂದೇ ಸಾಲದು.